ವಿಎಕ್ಸ್‌ಐನೋ ಝಡ್‌ಎಕ್ಸ್‌ಐನೋ ಆಮೇಲೆ, ಮೊದಲು ಆರ್‌ಸಿ ತರಿಸಿ

ನೀವು ನೋಡಿಟ್ಟಿರುವ ಎರಡು ಸೆಕೆಂಡ್ ಹ್ಯಾಂಡ್ ಕಾರುಗಳೂ 2013ರ ಪೆಟ್ರೋಲ್ ಮಾರುತಿ ಸ್ವಿಫ್ಟ್. ಒಂದು ಮಧ್ಯದ ಮಾಡೆಲ್ ವಿಎಕ್ಸ್‌ಐ, ಇನ್ನೊಂದು ಟಾಪ್ ಮಾಡೆಲ್ ಝಡ್‌ಎಕ್ಸ್‌ಐ. 'ಫುಲ್ ಆಪ್ಷನ್'ಗೆ 45 ಸಾವಿರ ಜಾಸ್ತಿ ಕೊಡಬಹುದಾ ಅಂತ ಕೇಳಿದ್ದೀರಿ. ಓದಿ ನಗು ಬಂತು. 2019ರಲ್ಲಿ ಇದೇ ಲೆಕ್ಕವನ್ನು ನಾನು ಒಂದು ತಿಂಗಳು ಹಾಕಿದ್ದೆ. ನನ್ನದು 40 ಸಾವಿರದ ಲೆಕ್ಕ, ಅಷ್ಟೇ ವ್ಯತ್ಯಾಸ.

ಆಗ ನಾವು ತುಮಕೂರಿನಲ್ಲಿದ್ದೆವು. ಮಗಳಿಗೆ ಎರಡು ವರ್ಷ. ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ, ಅತ್ತೆ ಮನೆಗೆ ಹೋಗಬೇಕು. ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಹೈವೇಗೆ ಇಳಿಯುವುದು ಸಾಕಾಗಿತ್ತು. ಹೊಸ ಕಾರಿಗೆ ದುಡ್ಡಿಲ್ಲ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಏರ್‌ಬ್ಯಾಗ್ ಇರಲೇಬೇಕು ಅಂತ ಹೆಂಡತಿ ಹಟ ಹಿಡಿದಿದ್ದಳು. ಆ ಕಾಲದ ಸ್ವಿಫ್ಟ್‌ನಲ್ಲಿ ಝಡ್‌ಎಕ್ಸ್‌ಐಗೆ ಮುಂದಿನ ಎರಡು ಏರ್‌ಬ್ಯಾಗ್, ಜೋರಾಗಿ ಬ್ರೇಕ್ ಒತ್ತಿದರೂ ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಬರುತ್ತಿತ್ತು. ವಿಎಕ್ಸ್‌ಐಗೆ ಏರ್‌ಬ್ಯಾಗ್ ಇಲ್ಲ. ಎಂಜಿನ್ ಎರಡಕ್ಕೂ ಅದೇ 1.2 ಲೀಟರಿನದು. ಹಾಗಾಗಿ ವಿಎಕ್ಸ್‌ಐ ಬಿಟ್ಟು, 40 ಸಾವಿರ ಜಾಸ್ತಿ ಹಾಕಿ, ಬೆಂಗಳೂರಿನ ಒಬ್ಬ ಬ್ರೋಕರ್ ಹತ್ತಿರ 4 ಲಕ್ಷಕ್ಕೆ ಬೆಳ್ಳಿ ಬಣ್ಣದ ಝಡ್‌ಎಕ್ಸ್‌ಐ ತಂದೆ. ಸಿಂಗಲ್ ಓನರ್, ಅಲಾಯ್ ವೀಲ್, ಸೀಟಿಗೆ ಹೊಸ ಕವರ್. ಮನೆ ಮುಂದೆ ನಿಂಬೆಹಣ್ಣು ಹತ್ತಿಸಿ ಒಳಗೆ ತಂದಾಯಿತು.

ಹದಿನಾಲ್ಕು ತಿಂಗಳು ಏನೂ ಆಗಲಿಲ್ಲ. ಒಂದು ದಿನ ಮಳೆಯಲ್ಲಿ ಡಾಬಸ್‌ಪೇಟೆ ದಾಟಿ ಬರುತ್ತಿದ್ದೆ, ಕಾರಿನಲ್ಲಿ ಒಬ್ಬನೇ. ಮುಂದಿನ ಲಾರಿ ಗಕ್ಕನೆ ನಿಂತಿತು. ಬ್ರೇಕ್ ಮೇಲೆ ಎದ್ದು ನಿಂತ ಹಾಗೆ ಒತ್ತಿದೆ, ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ. ಕಾರು ತಿರುಗಲೇ ಇಲ್ಲ. ಸೋಪು ಹಚ್ಚಿದ ಹಲಗೆ ಥರ ನೆಟ್ಟಗೆ ಜಾರಿಕೊಂಡು ಹೋಯಿತು. ಲಾರಿಯ ಹಿಂದಿನ 'ಸೌಂಡ್ ಹಾರ್ನ್' ಅಕ್ಷರಗಳು ದೊಡ್ಡದಾಗುತ್ತಾ ಬಂದವು. ಒಂದು ಮೊಳ ದೂರದಲ್ಲಿ ನಿಂತಿತು. ನನ್ನ ಪುಣ್ಯ, ಇನ್ನೇನೂ ಇಲ್ಲ.

ಮರುದಿನ ಗ್ಯಾರೇಜಿಗೆ ಹೋಗಿ, ಎಬಿಎಸ್ ಕೆಲಸ ಮಾಡುತ್ತಿಲ್ಲ ನೋಡಿ ಅಂದೆ. ಎಬಿಎಸ್ ಇದ್ದಿದ್ದರೆ ಗಾಲಿ ಲಾಕ್ ಆಗುತ್ತಿರಲಿಲ್ಲ, ಪೆಡಲ್ ಕಾಲಿಗೆ ಟಕಟಕ ಅಂತ ಒದೆಯುತ್ತಿತ್ತು, ಸ್ಟೀರಿಂಗ್ ಹೇಳಿದ ಮಾತು ಕೇಳುತ್ತಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿ ಐದು ಸೆಕೆಂಡ್ ನೋಡಿದ. 'ಇದರಲ್ಲಿ ಎಬಿಎಸ್ ಎಲ್ಲಿದೆ ಸಾರ್? ಇದು ವಿಎಕ್ಸ್‌ಐ' ಅಂದ. ಹಿಂದೆ ಝಡ್‌ಎಕ್ಸ್‌ಐ ಅಂತ ಬರೆದಿದೆಯಲ್ಲಪ್ಪಾ ಅಂದೆ. 'ಬರೆಯೋಕೇನು ಸಾರ್, ಬಿಎಂಡಬ್ಲ್ಯೂ ಅಂತಾನೂ ಬರೀಬಹುದು' ಅಂದ.

ಈಗ ನನ್ನ ತಪ್ಪು ಯಾವುದು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಕಾರು ತೆಗೆದುಕೊಂಡ ದಿನ ನಾನೇನು ಕಣ್ಣು ಮುಚ್ಚಿಕೊಂಡು ಹೋಗಿರಲಿಲ್ಲ. ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿದೆ. ಚಾಸಿ ನಂಬರ್ ತಾಳೆ ಹಾಕಿದೆ. ಬ್ಯಾಂಕಿನ ಸಾಲ ಇದೆಯಾ ಅಂತ ನೋಡಿದೆ. ಆರ್‌ಸಿ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಭಾಮೈದನಿಗೆ ಕಳಿಸಿದೆ. ಆ ಫೋಟೋ ಇವತ್ತಿಗೂ ಫೋನಿನಲ್ಲಿದೆ. ಮಾಡೆಲ್ ಅನ್ನೋ ಸಾಲಿನಲ್ಲಿ ಸ್ವಿಫ್ಟ್ ವಿಎಕ್ಸ್‌ಐ ಅಂತ ಸ್ಪಷ್ಟವಾಗಿ ಅಚ್ಚಾಗಿದೆ. ನಾನು ಓದಲಿಲ್ಲ, ಅವನೂ ಓದಲಿಲ್ಲ. ಹೆಸರು, ನಂಬರು, ವರ್ಷ, ಇವು ಮೂರನ್ನು ನೋಡಿದೆವು. ಕಾರಿನ ಹೆಸರು ಕಾರಿನ ಮೇಲೇ ಬರೆದಿರುವಾಗ ಕಾರ್ಡಿನಲ್ಲಿ ಯಾಕೆ ಓದಬೇಕು ಅಂತ ಅನ್ನಿಸಿರಬೇಕು.

ಅದಕ್ಕಿಂತ ನಾಚಿಕೆಯಾಗುವ ವಿಷಯ ಎಸಿದು. ಝಡ್‌ಎಕ್ಸ್‌ಐಗೆ ಆಟೊಮ್ಯಾಟಿಕ್ ಎಸಿ. ನನ್ನ ಕಾರಿನಲ್ಲಿದ್ದದ್ದು ಕೈಯಲ್ಲಿ ತಿರುಗಿಸುವ ದುಂಡನೆ ನಾಬ್‌ಗಳು. ಆ ನಾಬನ್ನು ನಾನೇ ತಿರುಗಿಸಿ, ಗಾಳಿಗೆ ಕೈ ಹಿಡಿದು, 'ಚೆನ್ನಾಗಿ ತಣ್ಣಗೆ ಬರ್ತಿದೆ' ಅಂತ ಬ್ರೋಕರ್‌ಗೆ ಹೇಳಿದ್ದೆ. ಇದು ಝಡ್‌ಎಕ್ಸ್‌ಐ ಅಲ್ಲ ಅಂತ ಕಾರೇ ನನ್ನ ಬೆರಳಿಗೆ ಹೇಳುತ್ತಿತ್ತು. ಏರ್‌ಬ್ಯಾಗ್‌ಗಾಗಿ 40 ಸಾವಿರ ಕೊಟ್ಟವನು ಸ್ಟೀರಿಂಗ್ ಮೇಲೆ ಏರ್‌ಬ್ಯಾಗ್ ಅನ್ನೋ ಅಕ್ಷರ ಇದೆಯಾ ಅಂತ ಕೂಡ ನೋಡಿರಲಿಲ್ಲ. ಅಲ್ಲಿ ಇದ್ದದ್ದು ಬರೀ ಹಾರ್ನ್. ಅಲಾಯ್ ವೀಲ್ ಹೊರಗಡೆ ಹಾಕಿಸಿದ್ದು. ಹಿಂದಿನ ಝಡ್‌ಎಕ್ಸ್‌ಐ ಅಕ್ಷರಗಳಂಥವು ಆಕ್ಸೆಸರಿ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತವೆ.

ಬ್ರೋಕರ್‌ಗೆ ಫೋನ್ ಮಾಡಿದೆ. 'ನಾನು ತಂದಾಗಲೇ ಹಾಗಿತ್ತು ಸಾರ್, ಆರ್‌ಸಿ ನಿಮ್ಮ ಕೈಗೆ ಕೊಟ್ಟಿದ್ನಲ್ಲ' ಅಂದ. ನಿಜವೇ. ಮೊದಲ ಓನರ್ ಶೋಕಿಗೆ ಅಂಟಿಸಿದ್ದನೋ ಏನೋ. ಯಾರ ಜೊತೆ ಜಗಳ ಆಡೋದು? ಏರ್‌ಬ್ಯಾಗ್ ಹೊರಗಡೆ ಹಾಕಿಸಬಹುದಾ ಅಂತಲೂ ವಿಚಾರಿಸಿದೆ. ಸೆನ್ಸರ್, ಕಂಟ್ರೋಲ್ ಯೂನಿಟ್, ವೈರಿಂಗ್, ಡ್ಯಾಶ್‌ಬೋರ್ಡ್ ಎಲ್ಲ ಬದಲಾಗಬೇಕು, ಆ ಯೋಚನೆ ಬಿಡಿ ಅಂದರು. ಬಿಟ್ಟೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಹಳೇ ಕಾರಿನಲ್ಲಿ ಯಾವ ವೇರಿಯಂಟ್ ಅನ್ನೋ ಪ್ರಶ್ನೆಯೇ ಅರ್ಧ ತಪ್ಪು ಅಂತ ನನ್ನ ಅಭಿಪ್ರಾಯ. ಇಂಟರ್‌ನೆಟ್‌ನಲ್ಲಿ ಸಿಗುವ ವೇರಿಯಂಟ್ ಪಟ್ಟಿ ಕಾರು ಶೋರೂಮಿನಿಂದ ಹೊರಬಿದ್ದ ದಿನದ್ದು. ಇಷ್ಟು ವರ್ಷದ ಮೇಲೆ ಆ ಪಟ್ಟಿಯಲ್ಲಿ ಏನು ಉಳಿದಿದೆ, ಏನು ಕೆಟ್ಟಿದೆ, ಯಾವುದು ಮೊದಲಿಂದಲೂ ಇರಲೇ ಇಲ್ಲ ಅಂತ ಆ ಒಂದು ಕಾರನ್ನೇ ಕೇಳಬೇಕು. ಆರ್‌ಸಿಯ ಫೋಟೋ ಈಗಲೇ ತರಿಸಿ ಮಾಡೆಲ್ ಸಾಲು ಓದಿ. ಅಲ್ಲಿ ವೇರಿಯಂಟ್ ಇಲ್ಲದಿದ್ದರೆ ಇನ್ಶೂರೆನ್ಸ್ ಪಾಲಿಸಿ ನೋಡಿ. ಅದೂ ಅನುಮಾನ ಅನ್ನಿಸಿದರೆ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಕೇಳಿ.

ಆಮೇಲೆ ಕಾರಲ್ಲಿ ಕೂತು ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವು ಸೆಕೆಂಡ್ ಇದ್ದು ಆರಬೇಕು. ಆರದೇ ಉರಿಯುತ್ತಿದ್ದರೆ ದೋಷ ಇದೆ. ಹತ್ತಲೇ ಇಲ್ಲದಿದ್ದರೆ ಒಂದೋ ಏರ್‌ಬ್ಯಾಗ್ ಇಲ್ಲ, ಇಲ್ಲವೇ ಆಕ್ಸಿಡೆಂಟ್‌ನಲ್ಲಿ ಒಡೆದ ಏರ್‌ಬ್ಯಾಗನ್ನು ಹಾಗೇ ಮುಚ್ಚಿ ದೀಪದ ಸಂಪರ್ಕ ಕಿತ್ತಿದ್ದಾರೆ. ಎರಡನೆಯದು ನಿಜವಾದ ಝಡ್‌ಎಕ್ಸ್‌ಐನಲ್ಲೂ ಆಗಬಹುದು.

ಇಷ್ಟೆಲ್ಲ ಯಾಕೆ ಅನ್ನಿಸಿದರೆ ಇನ್ನೊಂದು ಮಾತು. ಎರಡನ್ನೂ ಬಿಡಿ. ಸ್ವಲ್ಪ ಬಜೆಟ್ ಏರಿಸಿ 2018ರ ಫೆಬ್ರವರಿಯಲ್ಲಿ ಬಂದ ಹೊಸ ಆಕಾರದ ಸ್ವಿಫ್ಟ್ ಹುಡುಕಿ. ಅದರಲ್ಲಿ ಬೇಸ್ ಮಾಡೆಲ್ ಎಲ್‌ಎಕ್ಸ್‌ಐಗೂ ಎರಡು ಏರ್‌ಬ್ಯಾಗ್, ಎಬಿಎಸ್ ಇದೆ. ಬೇರೆ ಕಂಪನಿ ಕಾರಾದರೂ ಅಷ್ಟೇ, 2019ರ ಜುಲೈ ಆದಮೇಲೆ ತಯಾರಾದದ್ದು ನೋಡಿ. ಆ ವರ್ಷ ಏಪ್ರಿಲ್‌ನಿಂದ ಎಬಿಎಸ್, ಜುಲೈನಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಯಿತು. ಹಳೇ ಟಾಪ್ ಮಾಡೆಲ್‌ಗಿಂತ ಹೊಸ ಬೇಸ್ ಮಾಡೆಲ್ ಯಾವತ್ತೂ ಮೇಲು. ಅಲಾಯ್ ವೀಲ್‌ಗಂತೂ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ನನ್ನ ಕಾರನ್ನು 2022ರಲ್ಲಿ ಮಾರಿದೆ. ಮಾರುವ ಮೊದಲು ಹೆಂಡತಿಯ ಹೇರ್ ಡ್ರೈಯರ್ ತಂದು ಆ ಅಕ್ಷರಗಳನ್ನು ಬಿಸಿ ಮಾಡಿ, ದಾರ ತೂರಿಸಿ ಕಿತ್ತೆ. ಕೆಳಗೆ ಬಣ್ಣ ಸ್ವಲ್ಪ ಹೊಳಪಾಗಿತ್ತು. ಬಿಸಿಲಿಗೆ ಓರೆಯಾಗಿ ನೋಡಿದರೆ ಝಡ್ ಇದ್ದ ಜಾಗದಲ್ಲಿ ಹಳೇ ವಿ ಅಕ್ಷರದ ಗುರುತು ಹಾಗೇ ಕೂತಿತ್ತು. ಕೊಳ್ಳಲು ಬಂದ ಹುಡುಗ ಹಿಂದೆ ಒಂದು ಸುತ್ತು ಹಾಕಿ, 'ಯಾವ ವೇರಿಯಂಟ್ ಸಾರ್?' ಅಂತ ಕೇಳಿದ. ಆರ್‌ಸಿ ಕಾರ್ಡ್ ಕೈಗೆ ಕೊಟ್ಟು, ಮಾಡೆಲ್ ಅಂತ ಇರೋ ಸಾಲು ಜೋರಾಗಿ ಓದಪ್ಪಾ ಅಂದೆ.