ಹುಟ್ಟಿದ ಕೂಡಲೇ ಅಳದ ಮಗುವಿಗೆ ಮುಂದೆ ಸ್ಕಿಜೋಫ್ರೀನಿಯಾ ಬರುತ್ತದೆಯೇ?

ಮಗ ಹುಟ್ಟಿದಾಗ ತಡವಾಗಿ ಅತ್ತ, ಇಪ್ಪತ್ತೊಂದಕ್ಕೆ ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಮಾನಸಿಕ ಕಾಯಿಲೆ) ಎಂದರು, ಹೆರಿಗೆಯಿಂದಲೇ ಹೀಗಾಯಿತೇ, ರೋಗನಿರೋಧಕ ಶಕ್ತಿಯ ಪರೀಕ್ಷೆ ಮಾಡಿಸಲೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಇದೇ ಕಾಯಿಲೆಯವನ ಅಕ್ಕ. ನನ್ನ ತಮ್ಮ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಹುಟ್ಟಿದವನು. ‘ಹಿಂದಿನ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕಿತ್ತು’ ಎಂದು ಅಮ್ಮ ಇಂದಿಗೂ ಕೊರಗುತ್ತಾಳೆ. ಆ ಕೊರಗು ಕೇಳಿ ಕೇಳಿಯೇ ನಾನು ಇದನ್ನೆಲ್ಲ ಓದತೊಡಗಿದ್ದು.

ನಂಟು ಇದೆ, ಆದರೆ ತೆಳುವಾದದ್ದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2002ರ ವಿಶ್ಲೇಷಣೆಯಲ್ಲಿ, ಹೆರಿಗೆಯಲ್ಲಿ ಉಸಿರುಗಟ್ಟುವುದಾಗಲಿ ಬಸಿರಿನಲ್ಲಿ ರಕ್ತಸ್ರಾವವಾಗಲಿ ಅಪಾಯವನ್ನು ಎರಡು ಪಟ್ಟಿಗೂ ಏರಿಸಿರಲಿಲ್ಲ. ನೂರರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ ಇದು. ದುಪ್ಪಟ್ಟು ಎಂದೇ ಹಿಡಿದರೂ ತಡವಾಗಿ ಅತ್ತ ನೂರು ಮಕ್ಕಳಲ್ಲಿ ತೊಂಬತ್ತೆಂಟು ಮಕ್ಕಳಿಗೆ ಬರುವುದಿಲ್ಲ. ಅಮ್ಮನಿಗೆ ಈ ಲೆಕ್ಕ ಹೇಳಿದೆ. ‘ಉಳಿದ ಎರಡರಲ್ಲಿ ನನ್ನ ಮಗನಿದ್ದನಲ್ಲ’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನೆದರ್ಲೆಂಡ್ಸ್‌ನಲ್ಲಿ 1944–45ರ ಚಳಿಗಾಲದ ಬರಗಾಲ ತೀವ್ರವಾಗಿದ್ದಾಗ ಬಸಿರಾದವರ ಮಕ್ಕಳಲ್ಲಿಯೂ ಈ ಕಾಯಿಲೆ ಸುಮಾರು ಎರಡು ಪಟ್ಟು ಕಂಡಿತ್ತು. ಯುದ್ಧದಲ್ಲಿ ಊಟವೇ ಸಿಗದ ಆ ತಾಯಂದಿರ ತಪ್ಪೇನು ಹೇಳಿ?

ರೋಗನಿರೋಧಕ ವ್ಯವಸ್ಥೆಯ ಕಥೆ ಇನ್ನೂ ಕುತೂಹಲದ್ದು. ಆರನೇ ವರ್ಣತಂತುವಿನಲ್ಲಿ ಸಿ4 ಎಂಬ ಜೀನ್ ಇದೆ. ಹೊರಗಿನಿಂದ ಬಂದ ರೋಗಾಣುಗಳಿಗೆ ‘ಇದನ್ನು ತೆಗೆ’ ಎಂದು ಗುರುತು ಹಾಕುವುದು ಅದರ ಪ್ರೋಟೀನಿನ ಕೆಲಸ. ಮಿದುಳಿನಲ್ಲಿ ನರಕೋಶಗಳ ನಡುವಿನ ಬೇಡದ ಬೆಸುಗೆಗಳಿಗೂ ಅದು ಹಾಗೆಯೇ ಗುರುತು ಹಾಕುತ್ತದೆ. ಈ ಜೀನಿನ ಒಂದು ಬಗೆ ಹೆಚ್ಚು ಚುರುಕಾಗಿರುವವರಲ್ಲಿ ಕಾಯಿಲೆಯ ಅಪಾಯ ಹೆಚ್ಚು ಎಂದು 2016ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಹದಿಹರೆಯದಲ್ಲಿ ಎಲ್ಲರ ಮಿದುಳಿನಲ್ಲೂ ಈ ಬೆಸುಗೆಗಳ ಕಳೆ ಕೀಳುವ ಕೆಲಸ ನಡೆಯುತ್ತದೆ. ಕೆಲವರಲ್ಲಿ ಕಳೆಯ ಜೊತೆಗೆ ಪೈರೂ ಹೋಗುತ್ತದೆಯೇನೋ ಎಂಬುದು ಊಹೆ. ಊಹೆ ಎಂದೇ ಓದಿಕೊಳ್ಳಿ.

ಪರೀಕ್ಷೆಯ ವಿಷಯ. ರಕ್ತ ನೋಡಿ ಸ್ಕಿಜೋಫ್ರೀನಿಯಾ ಹೇಳುವ ಪರೀಕ್ಷೆ ಇಲ್ಲ. ‘ಇಮ್ಯುನಿಟಿ ಪ್ಯಾಕೇಜ್’ಗೆ ಹಣ ಸುರಿಯಬೇಡಿ, ನಾವು ಸುರಿದಿದ್ದೇವೆ. ಒಂದು ಅಪವಾದವಿದೆ. ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ಎರಗುವ ಒಂದು ಬಗೆಯ ಮಿದುಳಿನ ಉರಿಯೂತ ಮೊದಮೊದಲು ಥೇಟ್ ಹೀಗೆಯೇ ಕಾಣಬಹುದು. ಅದು ದಿನ, ವಾರಗಳಲ್ಲಿ ಏರುತ್ತದೆ. ಫಿಟ್ಸ್, ಬಾಯಿ ಕೈಗಳ ವಿಚಿತ್ರ ಚಲನೆ, ಮಂಕು ಹೆಚ್ಚಾಗಿ ಜೊತೆಗಿರುತ್ತವೆ. ಅದಕ್ಕೆ ಬೆನ್ನುಹುರಿಯ ದ್ರವದ ಪರೀಕ್ಷೆಯೂ ಬೇರೆ ಚಿಕಿತ್ಸೆಯೂ ಇವೆ. ನಿಮ್ಮ ಮಗನಿಗೆ ಹೀಗೇನಾದರೂ ಆಗಿತ್ತೇ? ಆಗಿದ್ದರೆ ಮನೋವೈದ್ಯರಿಗೆ ಇವತ್ತೇ ತಿಳಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.