ಒಂದೇ ಗೇಮ್, ಎರಡು ಕನ್ಸೋಲ್: ವ್ಯತ್ಯಾಸವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಸೋನಿಯ ಪ್ಲೇಸ್ಟೇಷನ್ ಕನ್ಸೋಲ್‌ಗಳಾದ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರಗಳು) ಪಿಎಸ್4 ಮತ್ತು ಪಿಎಸ್5 ಗ್ರಾಫಿಕ್ಸ್ ಹೋಲಿಸುವ ವಿಡಿಯೊಗಳನ್ನು ಫೋನಿನಲ್ಲಿ ನೋಡಿದೆ. ‘ಹೊರೈಜನ್ ಫರ್ಬಿಡನ್ ವೆಸ್ಟ್’ ಗೇಮ್, ಎಡಗಡೆ ಹಳೆಯ ಕನ್ಸೋಲ್, ಬಲಗಡೆ ಹೊಸದು. ನಡುವಿನ ಗೆರೆ ಅಳಿಸಿಬಿಟ್ಟರೆ ಯಾವುದು ಯಾವುದೆಂದು ಹೇಳಲು ನನ್ನಿಂದ ಆಗದು. ಪಿಎಸ್2 ಬಿಟ್ಟು ಪಿಎಸ್3ಕ್ಕೆ ಹೋದಾಗ ಹೀಗಿರಲಿಲ್ಲ. ಏಳು ವರ್ಷ ಕಾದಿದ್ದಕ್ಕೆ ಸಿಕ್ಕಿದ್ದು ಇಷ್ಟೇನಾ?

ಉತ್ತರ: ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಹೊಸ ಕನ್ಸೋಲ್ ಗುರಿಯಿಡುವ 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ (ಚಿತ್ರದ ಚುಕ್ಕಿಗಳು), ಹಳೆಯದರ 1080ಪಿಯಲ್ಲಿ ಸುಮಾರು 20.7 ಲಕ್ಷ. ಈ ನಾಲ್ಕು ಪಟ್ಟು ಅಂತರವೆಲ್ಲ ಅಂಗೈಯಗಲದ ಪರದೆಯೊಳಗೆ ಕರಗಿಹೋಗುತ್ತದೆ. ವಿಡಿಯೊ ಹಾಕುವಾಗ ಅದನ್ನು ಹಿಂಡಿ ಚಿಕ್ಕದು ಮಾಡುತ್ತಾರಲ್ಲ, ಆಗ ಮೊದಲು ಅಳಿಸಿಹೋಗುವುದೇ ಹುಲ್ಲು, ಕೂದಲು, ಎಲೆಗಳ ಅಂಚು. ಹೊಸ ಯಂತ್ರ ದುಡಿದದ್ದೆಲ್ಲ ಅಲ್ಲೇ ಇತ್ತು.

ಪಿಎಸ್2ರಿಂದ ಪಿಎಸ್3ಕ್ಕೆ ಬಂದಾಗಿನ ಬೆರಗು ನಿಜ. ಆದರೆ ಆಗ ಎರಡು ದೊಡ್ಡ ಬದಲಾವಣೆಗಳು ಒಟ್ಟಿಗೇ ಆದವು. ಹಳೆಯ ಟಿವಿಯ ಮಸುಕು ಚಿತ್ರ ಹೋಗಿ ಎಚ್‌ಡಿ ಬಂತು. ಜೊತೆಗೆ, ಪ್ರತಿ ಪಿಕ್ಸೆಲ್‌ಗೂ ಬೆಳಕಿನ ಲೆಕ್ಕ ಹಾಕುವಂತೆ ಪ್ರೋಗ್ರಾಂ ಬರೆಯಲು ಸಾಧ್ಯವಾಯಿತು. ಪಿಎಸ್2ರ ಗ್ರಾಫಿಕ್ಸ್ ಚಿಪ್‌ಗೆ ಆ ಶಕ್ತಿ ಇರಲಿಲ್ಲ. ಒದ್ದೆ ರಸ್ತೆ ಒದ್ದೆಯಾಗಿ, ಕಬ್ಬಿಣ ಕಬ್ಬಿಣವಾಗಿ ಕಾಣತೊಡಗಿತು. ಪಿಎಸ್4ರ ಕೊನೆಯ ವರ್ಷಗಳ ಹೊತ್ತಿಗೆ ಆ ಕಲೆ ಹಣ್ಣಾಗಿತ್ತು. ಬೆಳಕು ಎಲ್ಲಿ ಎಷ್ಟು ಬೀಳಬೇಕೆಂಬುದನ್ನು ಗೇಮ್ ತಯಾರಾಗುವಾಗಲೇ ದೊಡ್ಡ ಕಂಪ್ಯೂಟರ್‌ಗಳಲ್ಲಿ ಲೆಕ್ಕಹಾಕಿ, ಗೋಡೆ ನೆಲಗಳ ಮೇಲೆ ಅಚ್ಚೊತ್ತಿಬಿಡುತ್ತಿದ್ದರು. 2016ರ ‘ಅನ್‌ಚಾರ್ಟೆಡ್ 4’, 2020ರ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಇವತ್ತಿಗೂ ಕಣ್ಣು ತುಂಬುವುದು ಅದರಿಂದಲೇ. ನಿಂತ ಚಿತ್ರದಲ್ಲಿ ಅಂಥ ಕೆಲಸವನ್ನು ಮೀರಿಸುವುದು ಬಹಳ ಕಷ್ಟ. ಹಾಗಾಗಿ ನಿಂತ ಚಿತ್ರಗಳನ್ನು ಹೋಲಿಸುವುದನ್ನು ಬಿಟ್ಟುಬಿಡಿ ಎನ್ನುತ್ತೇನೆ. ಕ್ಯಾಮೆರಾ ತಿರುಗಿಸಿ ನೋಡಿ, ಓಡಿ ನೋಡಿ.

ನಾನು ಯಾವ ಗೇಮ್ ಹಾಕಿದರೂ ಮೊದಲು ನೋಡುವುದು ಗೋಡೆ ನೆಲಕ್ಕೆ ತಾಗುವ ಮೂಲೆಯನ್ನು. ಅಲ್ಲಿಗೆ ಬೆಳಕು ಕಡಿಮೆ ಬೀಳುತ್ತದೆ, ತೆಳು ಕಪ್ಪು ಕೂರಬೇಕು. ಹಳೆಯ ತಲೆಮಾರಿನ ಬಹಳಷ್ಟು ಗೇಮ್‌ಗಳು ಆ ಕಪ್ಪನ್ನು ಪರದೆಯಲ್ಲಿ ಆ ಕ್ಷಣ ಕಾಣುವ ಚಿತ್ರದಿಂದಲೇ ಅಂದಾಜು ಮಾಡುತ್ತಿದ್ದವು. ಕ್ಯಾಮೆರಾ ತಿರುಗಿಸಿದರೆ ಪಾತ್ರದ ಸುತ್ತ ಆ ನೆರಳು ಜಾರಾಡುತ್ತದೆ. ನೀರಿನ ಪ್ರತಿಬಿಂಬಕ್ಕೂ ಅದೇ ಉಪಾಯ. ಕೆರೆಯಾಚೆಯ ಬೆಟ್ಟ ನೀರಿನಲ್ಲಿ ಚೆನ್ನಾಗಿ ಕಾಣುತ್ತಿರುವಾಗ ಕ್ಯಾಮೆರಾವನ್ನು ನಿಧಾನವಾಗಿ ಕೆಳಗೆ ಬಾಗಿಸಿ. ಬೆಟ್ಟ ಪರದೆಯಿಂದ ಆಚೆ ಹೋಗುತ್ತಿದ್ದಂತೆ ನೀರಿನೊಳಗಿನ ಬೆಟ್ಟವೂ ಮಾಯ! ರೇ ಟ್ರೇಸಿಂಗ್‌ನಲ್ಲಿ ಬೆಳಕಿನ ಕಿರಣ ಹೋಗುವ ದಾರಿಯನ್ನೇ ಹಿಂಬಾಲಿಸುವುದರಿಂದ, ಪರದೆಯಲ್ಲಿ ಇಲ್ಲದ ವಸ್ತುವೂ ಪ್ರತಿಬಿಂಬದಲ್ಲಿ ಉಳಿಯುತ್ತದೆ. ‘ಸ್ಪೈಡರ್-ಮ್ಯಾನ್’ ಗೇಮ್‌ನ ಪಿಎಸ್5 ಆವೃತ್ತಿಯಲ್ಲಿ ಗಾಜಿನ ಕಟ್ಟಡವೊಂದಕ್ಕೆ ಅಂಟಿಕೊಂಡು ನೋಡಿ, ಬೆನ್ನ ಹಿಂದಿನ ಬೀದಿ ಎದುರಿಗಿರುತ್ತದೆ. ಪಿಎಸ್4ರಲ್ಲಿ ಆ ಗಾಜಿನೊಳಗೆ ಇರುವುದು ಮೊದಲೇ ತಯಾರಿಸಿಟ್ಟ ಚಿತ್ರ.

ಇನ್ನು ನೀವು ಹೆಸರಿಸಿದ ಗೇಮ್ ಬಗ್ಗೆ. ‘ಫರ್ಬಿಡನ್ ವೆಸ್ಟ್’ 2022ರಲ್ಲಿ ಬಂದದ್ದು ಎರಡೂ ಕನ್ಸೋಲ್‌ಗಳಿಗೆ. ಎರಡರಲ್ಲೂ ಓಡಬೇಕಾದ ಗೇಮ್‌ನ ಪ್ರಪಂಚವನ್ನು ದುರ್ಬಲ ಯಂತ್ರದ ಅಳತೆಗೇ ಕಟ್ಟಬೇಕಾಗುತ್ತದೆ. ಹೊಸ ಯಂತ್ರಕ್ಕೆ ಸಿಗುವುದು ಅದೇ ಮನೆಗೆ ಹೊಡೆದ ಒಳ್ಳೆಯ ಬಣ್ಣ. ಅದೇ ತಂಡ 2023ರಲ್ಲಿ ಅದೇ ಗೇಮ್‌ಗೆ ‘ಬರ್ನಿಂಗ್ ಶೋರ್ಸ್’ ಎಂಬ ಹೆಚ್ಚುವರಿ ಭಾಗ ಮಾಡಿತು, ಪಿಎಸ್4ನ್ನು ಕೈಬಿಟ್ಟು, ಪಿಎಸ್5ಕ್ಕೆ ಮಾತ್ರ. ಅಲ್ಲಿ ಮೋಡದೊಳಗೆ ಹಾರಿಹೋಗಬಹುದು. ಮೋಡ ಆಕಾಶಕ್ಕೆ ಅಂಟಿಸಿದ ಪರದೆಯಾಗಿ ಉಳಿಯದೆ, ಒಳಗೆ ಗುಹೆ ಕಣಿವೆಗಳಿರುವ ಜಾಗವೇ ಆಗಿದೆ. ಹೋಲಿಕೆ ಮಾಡುವುದಿದ್ದರೆ ಮೂಲ ಗೇಮ್‌ನ ಆಕಾಶವನ್ನೂ ಈ ಆಕಾಶವನ್ನೂ ಹೋಲಿಸಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವ್ಯತ್ಯಾಸ ಡಿಸ್ಕ್‌ನದು. ಪಿಎಸ್4ರಲ್ಲಿದ್ದದ್ದು ತಿರುಗುವ ಹಾರ್ಡ್ ಡಿಸ್ಕ್, ಸೆಕೆಂಡಿಗೆ 50ರಿಂದ 100 ಎಂಬಿ ಓದಿದರೆ ಹೆಚ್ಚು. ಪಿಎಸ್5ರ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡಿಸ್ಕ್) ಓದುವುದು 5.5 ಜಿಬಿ. ಪಿಎಸ್5 ವಿನ್ಯಾಸದ ಹೊಣೆ ಹೊತ್ತಿದ್ದ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ 2018ರ ‘ಸ್ಪೈಡರ್-ಮ್ಯಾನ್’ ಉದಾಹರಣೆ ತೆಗೆದುಕೊಂಡರು. ಡಿಸ್ಕ್‌ನ ಸೂಜಿ ಅಲ್ಲಿಲ್ಲಿ ಓಡಾಡುವ ಸಮಯ ಉಳಿಸಲು, ಬೀದಿ ಬದಿಯ ಅಂಚೆಡಬ್ಬಿಯಂಥ ವಸ್ತುಗಳ ಡೇಟಾವನ್ನು 400 ಸಲದವರೆಗೂ ನಕಲು ಮಾಡಿ ಬರೆದಿಡಬೇಕಾಗಿತ್ತಂತೆ. ಊರಿನ ಮೇಲೆ ಎಷ್ಟು ವೇಗವಾಗಿ ಹಾರಬಹುದು ಎಂಬುದಕ್ಕೂ ಡಿಸ್ಕೇ ಲಗಾಮು ಹಾಕಿತ್ತು. ಎರಡು ಬಂಡೆಗಳ ನಡುವೆ ನಿಮ್ಮನ್ನು ನುಸುಳಿಸುತ್ತಿದ್ದ ದಾರಿಗಳು, ತೆರೆಯಲು ಹೊತ್ತು ಹಿಡಿಯುತ್ತಿದ್ದ ಬಾಗಿಲುಗಳು ನೆನಪಿವೆಯಲ್ಲವೆ? ಮುಂದಿನ ಜಾಗ ಲೋಡ್ ಆಗಲಿ ಎಂದೇ ಅಂಥವನ್ನು ಎಷ್ಟೋ ಗೇಮ್‌ಗಳಲ್ಲಿ ಇಡುತ್ತಿದ್ದರು. 2021ರ ‘ರ‍್ಯಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್’ನಲ್ಲಿ ಒಂದು ಲೋಕದಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತೀರಿ. ಅದರ ಫೋಟೊ ತೆಗೆದಿಟ್ಟರೆ ಏನೂ ಗೊತ್ತಾಗದು. ಗ್ರಾಫಿಕ್ಸ್ ಅಂದರೆ ಚಿತ್ರದ ನುಣುಪು ಮಾತ್ರ ಎಂದುಕೊಂಡವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನನಗೆ ಇದೇ ಗ್ರಾಫಿಕ್ಸ್.

ಪ್ರಶ್ನೆ: ಹೊಸ ಗೇಮ್‌ಗಳಲ್ಲಿ ‘ಫಿಡೆಲಿಟಿ’, ‘ಪರ್ಫಾರ್ಮೆನ್ಸ್’ ಎಂದು ಎರಡು ಮೋಡ್ ಕೇಳುತ್ತವೆ. ಯಾವುದನ್ನು ಆರಿಸಲಿ?

ಉತ್ತರ: ಪರ್ಫಾರ್ಮೆನ್ಸ್. ಫಿಡೆಲಿಟಿಯಲ್ಲಿ ಚಿತ್ರ ಹೆಚ್ಚು ಚೂಪು, ಆದರೆ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಮಾತ್ರ; ಪರ್ಫಾರ್ಮೆನ್ಸ್‌ನಲ್ಲಿ ಚೂಪು ಸ್ವಲ್ಪ ಕಡಿಮೆ, ಫ್ರೇಮ್ ಸಾಮಾನ್ಯವಾಗಿ 60. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದು ಚಿತ್ರ ಸುಮಾರು 33 ಮಿಲಿಸೆಕೆಂಡು ಪರದೆಯ ಮೇಲಿರುತ್ತದೆ; 60 ಫ್ರೇಮ್‌ಗಳಾದರೆ ಸುಮಾರು 17. ಬಟನ್ ಒತ್ತಿದ್ದು ಪರದೆಯಲ್ಲಿ ಬೇಗ ಕಾಣುತ್ತದೆ, ಕ್ಯಾಮೆರಾ ತಿರುಗುವಾಗ ಚಿತ್ರ ಕಲಸಿಹೋಗುವುದಿಲ್ಲ. ನಿಂತಾಗ ಸಿಗುವ ಚೂಪು ಓಡುವಾಗ ಉಳಿಯದಿದ್ದರೆ ಆ ಪಿಕ್ಸೆಲ್‌ಗಳನ್ನು ಇಟ್ಟುಕೊಂಡು ಏನು ಮಾಡುವುದು? ನಿಮ್ಮ ಟಿವಿ 120 ಹರ್ಟ್ಜ್‌ನದಾಗಿದ್ದು (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವಂಥದ್ದು), ಗೇಮ್‌ನಲ್ಲಿ 40 ಫ್ರೇಮ್‌ಗಳ ಆಯ್ಕೆ ಇದ್ದರೆ (‘ರಿಫ್ಟ್ ಅಪಾರ್ಟ್’ನಲ್ಲಿದೆ) ಅದನ್ನು ಖಂಡಿತ ನೋಡಿ. 40 ಫ್ರೇಮ್ ಎಂದರೆ 25 ಮಿಲಿಸೆಕೆಂಡು, ಸಮಯದ ಲೆಕ್ಕದಲ್ಲಿ 33 ಮತ್ತು 17ರ ನಟ್ಟನಡುವೆ. 120ನ್ನು 40 ಸರಿಯಾಗಿ ಭಾಗಿಸುವುದರಿಂದ ಚಿತ್ರ ಎಡವುವುದೂ ಇಲ್ಲ.

ಪ್ರಶ್ನೆ: ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ಎಕ್ಸ್‌ನದು 6 ಟೆರಾಫ್ಲಾಪ್, ಅದರ ನಂತರ ಬಂದ ಸೀರೀಸ್ ಎಸ್‌ನದು 4. ಹೊಸದೇ ಹಿಂದೆ ಬಿತ್ತೆ?

ಉತ್ತರ: ಟೆರಾಫ್ಲಾಪ್ ಅಂದರೆ ಗ್ರಾಫಿಕ್ಸ್ ಚಿಪ್ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಎಂಬುದು. ಆ ಅಂಕಿಯನ್ನು ಒಂದೇ ತಲೆಮಾರಿನ ಯಂತ್ರಗಳ ನಡುವೆ ಮಾತ್ರ ಹೋಲಿಸಿ. 2020ರ ಸೀರೀಸ್ ಎಸ್‌ನ ಗ್ರಾಫಿಕ್ಸ್ ಚಿಪ್ ಬೇರೆ ವಿನ್ಯಾಸದ್ದು, ಅದೇ ಲೆಕ್ಕದಿಂದ ಹೆಚ್ಚು ಕೆಲಸ ತೆಗೆಯುತ್ತದೆ, ರೇ ಟ್ರೇಸಿಂಗ್ ಕೂಡ ಬಲ್ಲದು. ಪ್ರೊಸೆಸರ್ ಅಂತೂ 2017ರ ಒನ್ ಎಕ್ಸ್‌ಗಿಂತ ಬಹಳ ಮುಂದಿದೆ, ಎಸ್‌ಎಸ್‌ಡಿಯೂ ಇದೆ. ಹೊಸ ಗೇಮ್‌ಗಳಿಗೆ ಬೇಕಾದದ್ದು ಇವೇ. ಒಂದು ವಿಷಯದಲ್ಲಿ ಮಾತ್ರ ಹಳೆಯದು ಗೆಲ್ಲುತ್ತದೆ. ಎಕ್ಸ್‌ಬಾಕ್ಸ್ ಒನ್ ಕಾಲದ ಗೇಮ್‌ಗಳನ್ನು ಸೀರೀಸ್ ಎಸ್ ಓಡಿಸುವುದು ಒನ್ ಎಕ್ಸ್‌ಗಿಂತ ಕಡಿಮೆ ಶಕ್ತಿಯ ಒನ್ ಎಸ್‌ಗೆಂದು ಮಾಡಿದ ಆವೃತ್ತಿಯಲ್ಲಿ. ಒನ್ ಎಕ್ಸ್‌ನ 4ಕೆ ಸುಧಾರಣೆಗಳು ಅಲ್ಲಿ ಸಿಗುವುದಿಲ್ಲ. ನಿಮ್ಮ ಹತ್ತಿರ ಹಳೆಯ ಗೇಮ್‌ಗಳೇ ಹೆಚ್ಚಾಗಿದ್ದು, ಟಿವಿಯೂ 4ಕೆ ಆಗಿದ್ದರೆ ಒನ್ ಎಕ್ಸನ್ನು ಮಾರಬೇಡಿ.