ಚುನಾವಣೆ ಮುಗಿದರೂ ಅಪ್ಪ, ದೊಡ್ಡಪ್ಪ ಮಾತಾಡುತ್ತಿಲ್ಲ. ಫ್ಯಾಕ್ಟ್‌ಚೆಕ್ ಲಿಂಕ್ ಕಳಿಸಿದರೆ ಸರಿಹೋಗುತ್ತದಾ?

ಲಿಂಕ್ ಕಳಿಸಬೇಡಿ. ಅಪ್ಪನನ್ನು ಕರೆದುಕೊಂಡು ದೊಡ್ಡಪ್ಪನ ಮನೆಗೆ ಹೋಗಿ.

2024ರ ಜೂನ್ 4ರ ಫಲಿತಾಂಶದ ದಿನ ಫ್ಯಾಮಿಲಿ ಗ್ರೂಪಿನಲ್ಲಿ ಜಗಳ ಹತ್ತಿತು, ದೊಡ್ಡಪ್ಪ ಗ್ರೂಪ್ ಬಿಟ್ಟರು, ಆಮೇಲೆ ಅಪ್ಪ ಆ ಕಡೆ ತಲೆ ಹಾಕಿಲ್ಲ ಅಂತ ಬರೆದಿದ್ದೀರಿ. ಓದಿ ಸಂಕಟವಾಯಿತು. ನಮ್ಮ ಮನೆಯಲ್ಲೂ ಆ ವರ್ಷ ಇದೇ ನಡೆದಿತ್ತು.

ಆ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳಲ್ಲಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2 ಬಂದವು. ಟಿವಿಯವರು ತೋರಿಸಿದ್ದು ಅಷ್ಟೇ. ಮತ ಪ್ರಮಾಣ ನೋಡಿದರೆ ಬಿಜೆಪಿಗೆ ಸುಮಾರು ಶೇ. 46, ಕಾಂಗ್ರೆಸ್ಸಿಗೆ ಸುಮಾರು ಶೇ. 45. ಅಂದರೆ ಬಸ್ಸಿನಲ್ಲಿ ನಮ್ಮ ಪಕ್ಕ ಕೂತವರು, ಹಾಲಿನ ಡೇರಿಯಲ್ಲಿ ಮುಂದೆ ನಿಂತವರು, ಹೆಚ್ಚುಕಡಿಮೆ ಅರ್ಧಕ್ಕರ್ಧ ಆಚೆಯವರೇ. ಅವರ ಜೊತೆಗೇ ನಾವು ದಿನಾ ಬದುಕುತ್ತಿದ್ದೇವೆ. ಇನ್ನು ಜೂನ್ 1ರ ಸಂಜೆಯ ಎಕ್ಸಿಟ್ ಪೋಲ್ ನೆನಪಿದೆಯಾ? ಬಹುತೇಕ ಸಮೀಕ್ಷೆಗಳು ಎನ್‌ಡಿಎಗೆ 350ರ ಮೇಲೆ ಕೊಟ್ಟಿದ್ದವು. ಬಂದದ್ದು 293. ನಡುವಿನ ಆ ದಿನಗಳಲ್ಲಿ ಅಣ್ಣತಮ್ಮಂದಿರು ಯಾವ ಸಂಖ್ಯೆ ಹಿಡಿದು ಕಚ್ಚಾಡಿದರೋ ಅದು ಇರಲೇ ಇಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಇದಕ್ಕೇ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಚಿಕ್ಕಪ್ಪನಿಗೂ ನನಗೂ ಮಾತು ನಿಂತಿತ್ತು. ಆದರೆ ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಯದೆ ಬಿಟ್ಟರೆ ಫಸಲು ಉದುರಿ ಹೋಗುತ್ತದೆ. ಮಳೆ ಹೊಳವಾದ ಒಂದು ಬೆಳಿಗ್ಗೆ ಇಬ್ಬರೂ ತೋಟಕ್ಕಿಳಿದೆವು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯಬೇಕು, ಹೊಯ್ಯುವಾಗ ಇನ್ನೊಬ್ಬರು ತಿರುಗಿಸುತ್ತಲೇ ಇರಬೇಕು. ಅವರು ಹೊಯ್ದರು, ನಾನು ತಿರುಗಿಸಿದೆ. ಕತ್ತಿ ಅದ್ದಿ ತೆಗೆದರೆ ಅಲಗಿಗೆ ತಾಮ್ರದ ಕೆಂಪು ಹತ್ತಿತ್ತು. "ಸುಣ್ಣ ಸಾಲದು ಮಾರಾಯ" ಅಂದರು. ಅದೇ ಮೊದಲ ಮಾತು.

ಅಲ್ಲಿಂದ ಎಲೆಚುಕ್ಕಿ ರೋಗ, ಮರ ಹತ್ತುವವರು ಸಿಗದಿರುವುದು, ಹೊರದೇಶದಿಂದ ಬರುವ ಅಡಿಕೆ, ಕೊನೆಗೆ ಓಟು. ನೀವು ಅವರಿಗೇ ಯಾಕೆ ಹಾಕಿದ್ರಿ ಅಂತ ಕೇಳಿದೆ. ಅಡಿಕೆ ರೇಟಿನ ಹೆದರಿಕೆ ಹೇಳಿದರು, ಬೆಂಗಳೂರಲ್ಲಿರುವ ಮಗನ ಕೆಲಸದ ಚಿಂತೆ ಹೇಳಿದರು. ಹಾಗೇ, ಚಿಕ್ಕಮ್ಮನಿಗೆ ತಿಂಗಳಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ ದೊಡ್ಡ ಆಸರೆ ಅಂತಲೂ ಹೇಳಿದರು. ಆ ಯೋಜನೆ ತಂದ ಪಕ್ಷಕ್ಕೆ ಅವರು ಓಟು ಹಾಕಿದವರಲ್ಲ! ಚಾನೆಲ್ ಚರ್ಚೆಯಲ್ಲಿ ಇಂಥ ಮನುಷ್ಯನಿಗೆ ಜಾಗವೇ ಇಲ್ಲ. ಅಲ್ಲಿ ಭಕ್ತ ಇರಬೇಕು, ಇಲ್ಲ ಗುಲಾಮ ಇರಬೇಕು.

ಅವರ ಓಟೂ ಬದಲಾಗಲಿಲ್ಲ, ನನ್ನದೂ ಬದಲಾಗಲಿಲ್ಲ. ಆದರೆ ಆವತ್ತು ಮಧ್ಯಾಹ್ನ ಒಟ್ಟಿಗೆ ಉಂಡೆವು.

ಗ್ರೂಪಿನಲ್ಲಿ ಇದು ಯಾಕೆ ಆಗಲ್ಲ ಅಂದರೆ, ಅಲ್ಲಿ ಊರಿಗೆ ಊರೇ ನೋಡುತ್ತಿರುತ್ತದೆ. ನೀನು ಹೇಳೋದ್ರಲ್ಲೂ ಒಂದು ಅರ್ಥ ಇದೆ ಅನ್ನಲು ಯಾರಿಗೂ ಧೈರ್ಯ ಬರಲ್ಲ. ಎದುರೆದುರು ಕೂತರೆ ನೋಡುವವರಿಲ್ಲ, ಸೋಲುವ ಭಯವೂ ಇಲ್ಲ. ಪೇಪರ್ ಓದಬೇಡಿ, ಸುದ್ದಿ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ಮನೆಯವರು ಎಂಥವರು ಅಂತ ಸುದ್ದಿಯವರಿಂದ ತಿಳಿದುಕೊಳ್ಳಬೇಡಿ, ಅಷ್ಟೇ.

ಯಾರಾದರೂ ಒಂದು ಜಾತಿಯನ್ನೋ ಧರ್ಮವನ್ನೋ ಹೀನಾಯವಾಗಿ ಬಯ್ದರೆ ಮಾತ್ರ ಸುಮ್ಮನೆ ಕೇಳಿಕೊಂಡು ಕೂರಬೇಡಿ. "ದೊಡ್ಡಪ್ಪ, ಇದು ನನಗೆ ಸರಿ ಕಾಣಲ್ಲ" ಅಂತ ಮುಖಕ್ಕೇ ಹೇಳಿ. ಮೆಸೇಜಿಗಿಂತ ಅದು ಹೆಚ್ಚು ನಾಟುತ್ತದೆ.

ಅಪ್ಪ ಬರಲೊಪ್ಪದಿದ್ದರೆ ಒಂದು ಮಾತು ನೆನಪಿಸಿ: 2019ರ ಲೋಕಸಭೆಗೆ ಕಾಂಗ್ರೆಸ್ ಜೊತೆಗಿದ್ದ ಜೆಡಿಎಸ್ 2024ಕ್ಕೆ ಬಿಜೆಪಿ ಜೊತೆಗಿತ್ತು. ನಾಯಕರು ಎದುರಾಳಿಯ ಪಕ್ಕ ಕೂತಾಗಿದೆ, ಅಣ್ಣನ ಪಕ್ಕ ಕೂರಲು ತಮ್ಮನಿಗೇನು ಅಡ್ಡಿ? ಹೋಗುವುದಾದರೆ ಬೆಳಿಗ್ಗೆ ಹೋಗಿ, ರಾತ್ರಿ ನ್ಯೂಸ್ ಹೊತ್ತಿಗೆ ಬೇಡ. ಜಮೀನಿನ ಪಹಣಿ, ಮದುವೆ ಕರೆಯೋಲೆ, ಯಾವುದಾದರೂ ಕೆಲಸದ ನೆಪವಿರಲಿ. ಮೊದಲ ಭೇಟಿಯಲ್ಲಿ ಚುನಾವಣೆಯ ಸುದ್ದಿ ನೀವಾಗಿ ಎತ್ತಬೇಡಿ. ಗ್ರೂಪಿಗೆ ವಾಪಸ್ ಸೇರಿಸುವುದನ್ನು ಆಮೇಲೆ ನೋಡಿದರಾಯಿತು.